‘ಪಿ’ ಅಂದರೆ ಯಾವ ಪಿ?

ಬಿಜೈಯಲ್ಲಿರುವ ನಮ್ಮ ಆಫೀಸಿನ ಹೊರಗೆ ಧೋ ಎಂದು ಮಳೆ. ನನ್ನೆದುರು ಪಾಸ್‌ವರ್ಡ್ ಕಾಯುವ ಹಳೆಯ ಕೋಡ್: ‘ಪಿ’, ‘ಪಿ2’, ‘ಟಿಎಂಪಿ’. ಇದರಲ್ಲಿ ಬಳಕೆದಾರ ಒತ್ತಿದ ಪಾಸ್‌ವರ್ಡ್ ಯಾವುದು, ಅದನ್ನು ಅರೆದು ತೆಗೆದ ಹ್ಯಾಶ್ ಯಾವುದು? ಬರೆದವನನ್ನೇ ಕೇಳೋಣವೆಂದರೆ ಬರೆದವನು ನಾನೇ, ಎರಡು ವರ್ಷದ ಹಿಂದೆ!

ಎಲ್ಲಕ್ಕೂ ಪೂರ್ತಿ ಹೆಸರಿಟ್ಟೆ. ನಡುವೆ ಗುರುತಿಲ್ಲದೆ ಕೂತಿದ್ದ 6,00,000 ಎಂಬ ಅಂಕಿಗೆ ‘ಅರೆಯುವ ಸುತ್ತು’ ಎಂದು ನಾಮಕರಣವಾಯಿತು. ಅಷ್ಟು ಸುತ್ತು ಅರೆದರೆ ಕಳ್ಳನೂ ಒಂದೊಂದು ಊಹೆಗೆ ಅಷ್ಟೇ ಅರೆಯಬೇಕು. ತೆಂಗಿನಕಾಯಿ ಮಸಾಲೆ ರುಬ್ಬಿದವರಿಗೆ ಈ ಕಷ್ಟ ಗೊತ್ತು.

ಹೀಗೆ ಹೆಸರಿಡುವುದು ಬರೀ ಚಂದಕ್ಕಲ್ಲ. 2006ರಲ್ಲಿ ಡೆಬಿಯನ್ ಲಿನಕ್ಸ್‌ನಲ್ಲಿ, ಪರೀಕ್ಷಾ ತಂತ್ರಾಂಶ ಆಕ್ಷೇಪಿಸುತ್ತದೆಂದು, ಗೂಢಲಿಪಿಯ ಕೀಲಿ ತಯಾರಿಸುವ ಓಪನ್‌ಎಸ್‌ಎಸ್‌ಎಲ್‌ನ ಒಂದೆರಡು ಸಾಲು ತೆಗೆದರು. ಕೀಲಿಗಳನ್ನು ಊಹಿಸಲಾಗದಂತೆ ಮಾಡುತ್ತಿದ್ದುದೇ ಅವು, ನೋಡಿದರೆ ಹಾಗನಿಸುತ್ತಿರಲಿಲ್ಲ. 2008ರ ಮೇ ತಿಂಗಳಲ್ಲಿ ಗುಟ್ಟು ಬಯಲಾದಾಗ, ಒಂದೊಂದು ಬಗೆಯ ಕೀಲಿಯಲ್ಲಿ ಉಳಿದಿದ್ದದ್ದು ಸುಮಾರು 32 ಸಾವಿರ ಸಾಧ್ಯತೆ ಮಾತ್ರ. ಲ್ಯಾಪ್‌ಟಾಪಿಗೆ ಅದು ಲೆಕ್ಕವೇ ಅಲ್ಲ.

ತಿದ್ದಿದ ಕೋಡನ್ನು ಹೊಸದಾಗಿ ಸೇರಿದ ಹುಡುಗಿಗೆ ಓದಲು ಕೊಟ್ಟೆ. ಹತ್ತೇ ನಿಮಿಷ.

“ಸರ್, ಹ್ಯಾಶ್ ಆದ ಮೇಲೆ ಪಾಸ್‌ವರ್ಡನ್ನು ಮೆಮೊರಿಯಿಂದ ಅಳಿಸಲೇ ಇಲ್ಲ ಅಲ್ವಾ?”

ಎರಡು ವರ್ಷದಿಂದ ಅಳಿಸಿರಲಿಲ್ಲ.