ಡಬ್ಬಿಯ ಮೇಲಿನ ವ್ಯಾಟ್, ವೇದಿಕೆಯ ಮೇಲಿನ ಬೆಳಕು

"ಎಷ್ಟು ವ್ಯಾಟಿಂದ್ ಐತ್ರೀ ಇದು?"

ಗೋವಾದ ಡಿಚೋಲಿಯ ಸುತ್ತಮುತ್ತ ಚೌತಿಯ ಪೆಂಡಾಲಿಗೋ, ಶಿಗ್ಮೊ ಹಬ್ಬದ ಮೆರವಣಿಗೆಗೋ, ನವೆಂಬರಿನಲ್ಲಿ ನಮ್ಮ ಗದಗ-ಬಾಗಲಕೋಟೆ ಕಡೆಯವರು ಸೇರಿ ಮಾಡುವ ರಾಜ್ಯೋತ್ಸವಕ್ಕೋ ಲೈಟು ಗೊತ್ತುಮಾಡಲು ಬಂದವರು ಮೊದಲು ಕೇಳುವುದು ಇದನ್ನೇ. ಬಹಳ ಸಲ ಕೊನೆಗೆ ಕೇಳುವುದೂ ಇದನ್ನೇ. 60 ಎಂದರೆ ಮುಖ ಸಪ್ಪಗಾಗುತ್ತದೆ, 100 ಎಂದರೆ "ನೋಡೂಣ್ರಿ", 230 ಎಂದರೆ ಅಲ್ಲೇ ಮುಂಗಡ. ಪ್ಲಗ್ ಚುಚ್ಚಿ, ಎದುರಿನ ಗೋಡೆಗೆ ಬೆಳಕು ಬಿಟ್ಟು ತೋರಿಸಿ ಅನ್ನುವವರು ಅಪರೂಪ. ಬಾಡಿಗೆಯ ವ್ಯವಹಾರಕ್ಕೆ ಹೊಸದಾಗಿ ಇಳಿಯುವ ಹುಡುಗರೂ ಇವರಿಗಿಂತ ಬೇರೆಯಲ್ಲ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಬಂದ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದ ಒಂದು ಅಂಕಿಯನ್ನು ನಂಬಿ ಸಾಲ ಎತ್ತುತ್ತಾರೆ, ತಲೆ ತಿರುಗಿಸುವ ಎಲ್‌ಇಡಿ ಲೈಟು, ಅಂದರೆ ಮೂವಿಂಗ್ ಹೆಡ್, ಎರಡು ಜೋಡಿ ಕೊಳ್ಳುತ್ತಾರೆ, ಮೊದಲ ಕಾರ್ಯಕ್ರಮದಲ್ಲೇ ಬೆಳಕು ಎಲ್ಲಿ ಹೋಯಿತೆಂದು ಹುಡುಕುತ್ತಾರೆ.

ವ್ಯಾಟ್ ಅನ್ನುವುದು ಲೈಟು ತಿನ್ನುವ ಕರೆಂಟಿನ ಲೆಕ್ಕ. ಅದು ಕೊಡುವ ಬೆಳಕಿನ ಲೆಕ್ಕವಲ್ಲ. ಅದಿರಿನ ಟಿಪ್ಪರುಗಳನ್ನು ನೋಡುತ್ತಲೇ ಬೆಳೆದ ತಾಲ್ಲೂಕು ಇದು. ಟಿಪ್ಪರು ಎಷ್ಟು ಡೀಸೆಲ್ ಕುಡಿಯುತ್ತದೆಂದು ಕೇಳಿ, ಹಾಗಾದರೆ ಇಷ್ಟು ಟನ್ ಹೊರುತ್ತದೆ ಎಂದು ಇಲ್ಲಿ ಯಾರೂ ತೀರ್ಮಾನಿಸುವುದಿಲ್ಲ. ಲೈಟಿನ ವಿಷಯ ಬಂದಾಗ ಮಾತ್ರ ಅದೇ ಜನ ಅದೇ ತಪ್ಪನ್ನು ಖುಷಿಯಿಂದ ಮಾಡುತ್ತಾರೆ.

ಈ ನಂಬಿಕೆಗೆ ಒಂದು ಕಾಲದಲ್ಲಿ ಅರ್ಥವಿತ್ತು. ತಂತಿ ಕಾಯಿಸಿ ಬೆಳಗುವ ಬಲ್ಬು ಬಿಟ್ಟರೆ ಬೇರೆ ಬಲ್ಬೇ ಇರದಿದ್ದಾಗ, 60 ವ್ಯಾಟಿನದು ಸುಮಾರು 700 ಲ್ಯೂಮೆನ್ (ಲ್ಯೂಮೆನ್ ಎಂದರೆ ಹೊರಬೀಳುವ ಬೆಳಕಿನ ಮೊತ್ತದ ಅಳತೆ) ಕೊಡುತ್ತಿತ್ತು, 100 ವ್ಯಾಟಿನದು 1300ರ ಆಸುಪಾಸು. ಎಲ್ಲ ಬಲ್ಬುಗಳೂ ಒಂದೇ ಜಾತಿಯವಾದ್ದರಿಂದ ವ್ಯಾಟ್ ಕೇಳಿದರೆ ಬೆಳಕು ತಿಳಿಯುತ್ತಿತ್ತು. 2015ರಲ್ಲಿ ಉಜಾಲಾ ಯೋಜನೆ ಶುರುವಾಗಿ ಮನೆಮನೆಗೆ ಎಲ್‌ಇಡಿ ಬಲ್ಬು ಬಂದ ಮೇಲಾದರೂ ಈ ರೂಢಿ ಬಿಡಬೇಕಿತ್ತು. ಅಡುಗೆಮನೆಯಲ್ಲಿ 9 ವ್ಯಾಟಿನ ಬಲ್ಬು ಹಳೆಯ 60ರ ಬಲ್ಬಿಗಿಂತ ಚೆನ್ನಾಗಿ ಬೆಳಗುವುದನ್ನು ದಿನಾ ರಾತ್ರಿ ನೋಡುವ ಮನುಷ್ಯನೇ, ಬೆಳಗಾದರೆ ಬಂದು ಮೂವಿಂಗ್ ಹೆಡ್ಡಿನ ವ್ಯಾಟ್ ವಿಚಾರಿಸುತ್ತಾನೆ.

ಹೋಗಲಿ, ಆ ವ್ಯಾಟಾದರೂ ನಿಜವೇ? ಡಬ್ಬಿಯ ಮೇಲಿನ ಅಂಕಿ ಸಾಮಾನ್ಯವಾಗಿ ಒಳಗಿನ ಎಲ್‌ಇಡಿ ಚಿಪ್ಪು ತಡೆದುಕೊಳ್ಳಬಲ್ಲ ಗರಿಷ್ಠ ವ್ಯಾಟ್. ಅಷ್ಟರಲ್ಲಿ ಅದನ್ನು ಓಡಿಸಿದ್ದೇವೆ ಎಂದು ಯಾರೂ ಭಾಷೆ ಕೊಟ್ಟಿಲ್ಲ. ಪೆಂಡಾಲಿನ ಮೂಲೆಮೂಲೆಗೂ ಇಡುವ ಪಾರ್ ಲೈಟನ್ನೇ ನೋಡಿ: 54 ಚಿಪ್ಪು, ತಲಾ 3 ವ್ಯಾಟ್, ಗುಣಿಸಿದರೆ 162. ಮೂರು ವ್ಯಾಟಿನ ಚಿಪ್ಪನ್ನು ಅದರ ಅರ್ಧಕ್ಕೆ ಓಡಿಸುವುದು ಅಗ್ಗದ ಮಾಲಿನಲ್ಲಿ ಮಾಮೂಲಿ. ಹಾಗೆ ಓಡಿಸಿದರೆ ಹೀಟ್‌ಸಿಂಕ್ ಚಿಕ್ಕದು ಸಾಕು, ಪವರ್ ಸಪ್ಲೈ ಅಗ್ಗದ್ದು ಸಾಕು, ಅಚ್ಚಿನ ಅಂಕಿ ಮಾತ್ರ ಹಾಗೇ ಇರುತ್ತದೆ.

ಇದನ್ನು ಪರೀಕ್ಷಿಸಲು ಉಪಕರಣವೂ ಬೇಡ. ಮನೆಯ ಕರೆಂಟ್ ಮೀಟರಿನಲ್ಲಿ ಮಿಣುಕುವ ಕೆಂಪು ಚುಕ್ಕೆಯ ಪಕ್ಕ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. ಎಷ್ಟೋ ಮೀಟರುಗಳಲ್ಲಿ ಅದು 3200. ಫ್ರಿಜ್ಜು ಸಮೇತ ಎಲ್ಲವನ್ನೂ ಆರಿಸಿ, ಲೈಟೊಂದನ್ನೇ ಬಿಳಿ ಬಣ್ಣದಲ್ಲಿ, ಡಿಮ್ಮರ್ ಪೂರ್ತಿ ಏರಿಸಿ ಹಚ್ಚಿ, ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡು ಎಂದು ಎಣಿಸಿ. 1125ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಬರುವುದೇ ನಿಜವಾದ ವ್ಯಾಟ್. ಲೈಟು ನಿಜಕ್ಕೂ 100 ವ್ಯಾಟ್ ಎಳೆಯುತ್ತಿದ್ದರೆ ಸುಮಾರು 11 ಸೆಕೆಂಡಿಗೊಂದು ಮಿಣುಕು. 20 ಸೆಕೆಂಡು ಕಾಯಬೇಕಾಗಿ ಬಂದರೆ ನಿಮ್ಮ ನೂರರ ಲೈಟು ಐವತ್ತಾರರದ್ದು. ಆ ಐವತ್ತಾರರಲ್ಲೂ ಫ್ಯಾನು, ಮೋಟಾರು, ಸರ್ಕೀಟು ತಮ್ಮ ಪಾಲು ತಿಂದಿರುತ್ತವೆ.

ಇನ್ನು ವ್ಯಾಟೂ ನಿಜ, ಬೆಳಕಿನ ಮೊತ್ತವೂ ನಿಜ ಎಂದೇ ಇಟ್ಟುಕೊಳ್ಳೋಣ. ಲೆನ್ಸಿನಿಂದ 2000 ಲ್ಯೂಮೆನ್ ಹೊರಬೀಳುತ್ತಿದೆ ಅನ್ನಿ. ಅದನ್ನು 15 ಡಿಗ್ರಿ ಕೋನದಲ್ಲಿ ಹರಡಿದರೆ 5 ಮೀಟರ್ ದೂರದಲ್ಲಿ ಒಂದೂಕಾಲು ಮೀಟರಿಗಿಂತ ತುಸು ಅಗಲದ ವೃತ್ತ ಬೀಳುತ್ತದೆ, ಅದರಲ್ಲಿ ಸುಮಾರು 1500 ಲಕ್ಸ್, ಅಂದರೆ ಚದರ ಮೀಟರಿಗೆ ಅಷ್ಟು ಲ್ಯೂಮೆನ್. ಅದೇ 2000 ಲ್ಯೂಮೆನ್ನನ್ನು 5 ಡಿಗ್ರಿಗೆ ಬಿಗಿ ಹಿಡಿದರೆ ಅದೇ ದೂರದಲ್ಲಿ ವೃತ್ತ ಮೊಳದಗಲಕ್ಕೆ ಕುಗ್ಗುತ್ತದೆ, ಲಕ್ಸ್ 13,000 ದಾಟುತ್ತದೆ. ವ್ಯಾಟ್ ಅಷ್ಟೇ, ಚಿಪ್ಪು ಅದೇ; ಕಣ್ಣಿಗೆ ಹೊಡೆಯುವ ಬೆಳಕು ಸುಮಾರು ಒಂಬತ್ತು ಪಟ್ಟು. ಎರಡನೆಯದೇ ಒಳ್ಳೆಯ ಲೈಟು ಎಂದಲ್ಲ. ನಾಟಕದ ಪಾತ್ರದ ಮುಖಕ್ಕೆ ಆ ಮೊಳದಗಲದ ಬಿಳಿ ಚುಕ್ಕೆ ಬಿಟ್ಟರೆ ಮೂಗು ಕಾಣುತ್ತದೆ, ನಟ ಕಾಣುವುದಿಲ್ಲ.

ಮಾರುವವರಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತು. ಆದ್ದರಿಂದಲೇ ಲಕ್ಸ್ ಬರೆದರೂ ದೂರ ಬರೆಯುವುದಿಲ್ಲ, ಬರೆದರೆ 1 ಮೀಟರಿನದ್ದನ್ನು ಬರೆಯುತ್ತಾರೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಮೇಲೆ ಹೇಳಿದ 15 ಡಿಗ್ರಿಯ ಲೈಟಿಗೇ 1 ಮೀಟರಿನಲ್ಲಿ 37,000 ಲಕ್ಸ್ ಎಂದು ಬರೆಯಬಹುದು, ಸುಳ್ಳಲ್ಲ. 8 ಮೀಟರ್ ದೂರದ ವೇದಿಕೆಗೆ ಅದು ಮುಟ್ಟಿಸುವುದು 580. ಎಷ್ಟು ದೂರದಲ್ಲಿ, ಎಷ್ಟು ಡಿಗ್ರಿಯಲ್ಲಿ, ಎಷ್ಟು ಲಕ್ಸ್ ಎಂಬ ಮೂರೂ ಒಟ್ಟಿಗೆ ಸಿಗದಿದ್ದರೆ ಆ ಕಾಗದವನ್ನು ಓದಿ ಪ್ರಯೋಜನವಿಲ್ಲ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ನಗು ತರಿಸುವ ಸಂಗತಿ. ನಮ್ಮಲ್ಲಿ ಬೀಮ್ ಬಿಡುವ ಯಾವ ಲೈಟನ್ನು ಕಂಡರೂ 'ಶಾರ್ಪಿ' ಅನ್ನುತ್ತಾರೆ. 'ಆ ಮದುವ್ಯಾಗ ಶಾರ್ಪಿ 230ರದ್ದಿತ್ತು, ನಿಮ್ಮದು 100ರದ್ದಾ?' ಎಂದು ಚೌಕಾಸಿ. ಇಟಲಿಯ ಕ್ಲೇ ಪಾಕಿ ಕಂಪನಿ 2010ರಲ್ಲಿ ಮಾರುಕಟ್ಟೆಗೆ ಬಿಟ್ಟ ಅಸಲಿ ಶಾರ್ಪಿಯ ಒಳಗಿದ್ದದ್ದು ಬರೀ 189 ವ್ಯಾಟಿನ ದೀಪ. ಅದಕ್ಕಿಂತ ಎಷ್ಟೋ ಪಟ್ಟು ವ್ಯಾಟ್ ನುಂಗುತ್ತಿದ್ದ ದೈತ್ಯ ಲೈಟುಗಳ ಪಕ್ಕದಲ್ಲಿ ನಿಂತು ಅದು ಆಕಾಶಕ್ಕೆ ಗೆರೆ ಎಳೆದದ್ದರಿಂದಲೇ ಜಗತ್ತು ಬೆರಗಾದದ್ದು. ವ್ಯಾಟಿಗೂ ಕಣ್ಣಿಗೆ ಕಾಣುವ ಬೆಳಕಿಗೂ ನೇರ ನಂಟಿಲ್ಲ ಎಂದು ಸಾಬೀತು ಮಾಡಿದ ಲೈಟಿನ ಹೆಸರು ಹಿಡಿದೇ ನಾವು ವ್ಯಾಟ್ ಎಣಿಸುತ್ತಿದ್ದೇವೆ!

ಆ ಲೈಟಿನ ಗುಟ್ಟು ಬೆಳಕು ಹುಟ್ಟುವ ಜಾಗದ ಗಾತ್ರದಲ್ಲಿತ್ತು. ಅನಿಲದ ದೀಪದಲ್ಲಿ ಎರಡು ಮೊನೆಗಳ ನಡುವೆ ಸುಮಾರು ಒಂದು ಮಿಲಿಮೀಟರಿನಷ್ಟೇ ಉದ್ದದ ಕಿಡಿ; ಅಷ್ಟು ಚಿಕ್ಕ ಮೂಲವನ್ನು ಪ್ರತಿಫಲಕ, ಲೆನ್ಸುಗಳಿಂದ 4 ಡಿಗ್ರಿಯೊಳಗೆ ಕಟ್ಟಿಹಾಕಬಹುದು. ಅಗ್ಗದ ಎಲ್‌ಇಡಿಯ ಬೆಳಕು ಹಲವು ಮಿಲಿಮೀಟರ್ ಅಗಲದ ಹಳದಿ ಚಪ್ಪಟೆ ಬಿಲ್ಲೆಯಿಂದ ಬರುತ್ತದೆ. ಅದನ್ನು ಅಷ್ಟೇ ಬಿಗಿಯಾಗಿ ಹಿಡಿಯಬೇಕಾದರೆ ಲೆನ್ಸು ದೊಡ್ಡದಾಗಬೇಕು, ಇಲ್ಲವೇ ಅಂಚಿನ ಬೆಳಕನ್ನು ಒಳಗೇ ಕೊಲ್ಲಬೇಕು. ಹಿಡಿ ಗಾತ್ರದ ತಲೆಯ ಲೈಟಿನಲ್ಲಿ ಆಗುವುದು ಎರಡನೆಯದು. ಹಾಗಾಗಿ ಸಣ್ಣ ಎಲ್‌ಇಡಿ ಸ್ಪಾಟನ್ನು 'ಮಿನಿ ಶಾರ್ಪಿ' ಎಂದು ಕೊಂಡವರಿಗೆ ನಿರಾಶೆ ಕಾದಿದೆ.

ಹಾಗೆಂದು ಸಣ್ಣದು ಕೆಲಸಕ್ಕೆ ಬಾರದು ಎಂದಲ್ಲ. ಹೀರಾಬಾಯಿ ಝಾಂಟ್ಯೆ ಸಭಾಗೃಹದಲ್ಲೋ ಸಾಖಳಿಯ ರವೀಂದ್ರ ಭವನದಲ್ಲೋ ಒಳಾಂಗಣದ ದೀಪ ಆರಿಸಿ, ವೇದಿಕೆಗೆ ಐದಾರು ಮೀಟರ್ ಹತ್ತಿರದಿಂದ, ಪರದೆಯ ಮೇಲೆ ಅಚ್ಚಿನ ತಟ್ಟೆಯ (ಗೋಬೋ) ಚಿತ್ತಾರ ಬಿಡಲು, ನರ್ತಕಿಯ ಹಿಂದಿನಿಂದ ಅಂಚು ಬೆಳಗಲು ಅದು ಧಾರಾಳ ಸಾಕು. ಅದೇ ಲೈಟನ್ನು ಹೊತ್ತೊಯ್ದು ಶಿಗ್ಮೊ ರಸ್ತೆಯಲ್ಲಿ, ಬೀದಿದೀಪ, ಅಂಗಡಿಯ ಟ್ಯೂಬು, ವಾದ್ಯ ಬಾರಿಸುತ್ತ ಸಾಗುವ ರೋಮಟದ ತಂಡದ ಮೇಲೆ ಸುರಿಯುವ ಫ್ಲಡ್ ಲೈಟುಗಳ ನಡುವೆ ಕಟ್ಟಿದರೆ ಅದು ಅಲುಗಾಡುತ್ತಿದೆ ಎಂದು ಮಾತ್ರ ಗೊತ್ತಾಗುತ್ತದೆ. ಸುತ್ತಲೇ 400 ಲಕ್ಸ್ ಇರುವಲ್ಲಿ ನೀವು ಮೇಲೆ 300 ಸುರಿದರೆ ಯಾರ ಕಣ್ಣಿಗೆ ಬೀಳಬೇಕು? ಮೊಬೈಲಿನ ಲಕ್ಸ್ ಆ್ಯಪು ಕರಾರುವಾಕ್ಕಲ್ಲ, ಆದರೆ ಒಂದೇ ಮೊಬೈಲಿನಿಂದ ಒಂದೇ ಜಾಗದಲ್ಲಿ ಎರಡು ಲೈಟುಗಳನ್ನು ಅಳೆದು ಹೋಲಿಸಲು ಅಷ್ಟು ಸಾಕು. ಕಾರ್ಯಕ್ರಮದ ಜಾಗದಲ್ಲೇ, ರಾತ್ರಿಯೇ ಅಳೆಯಬೇಕು ಅಷ್ಟೆ.

ಗಾಳಿಯಲ್ಲಿ ಕಾಣುವ ಆ ಬೆಳಕಿನ ಕಂಬವೂ ಲೈಟಿನ ತಾಕತ್ತಲ್ಲ, ಹೊಗೆಯ ಕೃಪೆ. ಬೆಳಕು ಪಕ್ಕಕ್ಕೆ ಚದುರಿ ನಮ್ಮ ಕಣ್ಣಿಗೆ ಬರಲು ಗಾಳಿಯಲ್ಲಿ ಕಣಗಳಿರಬೇಕು. ಅಂಗಡಿಯವರು ಮುಚ್ಚಿದ ಕೋಣೆಯಲ್ಲಿ ಹೊಗೆ ತುಂಬಿ ತೋರಿಸಿದ್ದನ್ನು ಮಯೆ ಕೆರೆಯ ದಡದ ಬಯಲಿನಲ್ಲಿ ಗಾಳಿ ಬೀಸುವಾಗ ನಿರೀಕ್ಷಿಸಿದರೆ ಅದು ಲೈಟಿನ ತಪ್ಪಲ್ಲ.

ಅಂಕಿ ಕಂಡರೆ ಕೈಮುಗಿಯುವ ಈ ಅಭ್ಯಾಸ ನಮ್ಮಲ್ಲಿ ಹಳೆಯದು. 1990ರ ದಶಕದಲ್ಲಿ ಮೇಜಿನ ಮೇಲೆ ಕೂರುವ ಟೇಪ್‌ರೆಕಾರ್ಡರಿನ ಮೇಲೆ 'ಪಿಎಂಪಿಒ' ಎಂಬ ನಾಲ್ಕಕ್ಷರದ ಮಂತ್ರದೊಂದಿಗೆ ಸಾವಿರ ವ್ಯಾಟ್ ಬರೆದಿರುತ್ತಿದ್ದರು; ಅದರ ಹಿಂದಿನ ಅಡಾಪ್ಟರು ಐವತ್ತು ವ್ಯಾಟನ್ನೂ ಕೊಡಲಾರದ್ದು. ಯಾರೂ ಕೇಳಲಿಲ್ಲ. ಆಮೇಲೆ ಮೊಬೈಲಿನ ಮೆಗಾಪಿಕ್ಸೆಲ್ ಬಂತು, ಪವರ್ ಬ್ಯಾಂಕಿನ ಎಂಎಎಚ್ ಬಂತು. ತರಕಾರಿ ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ತೂತು ಹುಡುಕುವ ನಾವೇ, ವೈರು ಇರುವ ವಸ್ತುವಿನ ಮುಂದೆ ಎಲ್ಲ ಅನುಮಾನವನ್ನೂ ಕಳಚಿಟ್ಟು ನಿಲ್ಲುತ್ತೇವೆ. ಅಚ್ಚಾದ ಅಂಕಿ ಇಂಗ್ಲಿಷಿನಲ್ಲಿದ್ದರಂತೂ ಮುಗಿಯಿತು. ಕೊಳ್ಳುವವನು ಕೇಳದ ಕಾರಣ ತಯಾರಕ ಹೇಳಬೇಕಿಲ್ಲ, ತಯಾರಕ ಹೇಳದ ಕಾರಣ ಅಂಗಡಿಯವನಿಗೆ ತಿಳಿದಿಲ್ಲ, ಪ್ರಾಮಾಣಿಕವಾಗಿ 60 ಎಂದು ಬರೆದವನ ಮಾಲು ಗೋದಾಮಿನಲ್ಲಿ ಕೊಳೆಯುತ್ತದೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಕೊಡಲಾರೆ. ಎಲ್‌ಇಡಿ ಬಿಸಿಯಾಗುವುದಿಲ್ಲ ಅನ್ನುವುದು ಅರ್ಧ ಸತ್ಯ: ಕಿರಣ ತಣ್ಣಗಿದ್ದರೂ ತಿಂದ ಕರೆಂಟಿನ ಅರ್ಧಕ್ಕಿಂತ ಹೆಚ್ಚು ಚಿಪ್ಪಿನ ಬೆನ್ನಲ್ಲೇ ಶಾಖವಾಗುತ್ತದೆ, ಅದಿರಿನ ರಸ್ತೆಯ ಕೆಂಧೂಳು ಫ್ಯಾನಿನ ಜಾಲರಿಗೆ ಮೆತ್ತಿದರೆ ಲೈಟು ತಾನೇ ಮಂಕಾಗುತ್ತದೆ, ಇಲ್ಲವೇ ಸಾಯುತ್ತದೆ. 50,000 ಗಂಟೆ ಆಯುಸ್ಸು ಚಿಪ್ಪಿನದು, ಅದೂ ಬೆಳಕು ನೂರಕ್ಕೆ ಎಪ್ಪತ್ತಕ್ಕೆ ಇಳಿಯುವವರೆಗೆ. ವರ್ಷಕ್ಕೆ 500 ಗಂಟೆ ಬಾಡಿಗೆಗೆ ಓಡುವ ಲೈಟು ಆ ಲೆಕ್ಕದಲ್ಲಿ ನೂರು ವರ್ಷ ಬಾಳಬೇಕು, ಆದರೆ ಫ್ಯಾನು, ಬೆಲ್ಟು, ಪವರ್ ಸಪ್ಲೈ ಆ ಲೆಕ್ಕ ಓದಿರುವುದಿಲ್ಲ. ಬಿಳಿಯಲ್ಲಿ ಚೆನ್ನಾಗಿದ್ದರೆ ನೀಲಿಯಲ್ಲೂ ಚೆನ್ನಾಗಿರುತ್ತದೆ ಎಂದುಕೊಳ್ಳಬೇಡಿ, ಬಣ್ಣದ ಚಕ್ರದ ಕಡು ನೀಲಿ ಗಾಜು ಬೆಳಕಿನ ಬಹುಪಾಲನ್ನು ನುಂಗುತ್ತದೆ. ಲೈಟುಗಳಿಗೆ ಆದೇಶ ಒಯ್ಯುವ ಡಿಎಂಎಕ್ಸ್‌ಗೆ ಮೈಕಿನ ಕೇಬಲ್ ಸಾಕು ಎಂಬುದು ನಾಲ್ಕು ಲೈಟಿನವರೆಗೆ ನಡೆದೀತು. ಆಮೇಲೆ ಲೈಟುಗಳು ಮೈಮೇಲೆ ಬಂದಂತೆ ಆಡಿದಾಗ 120 ಓಮಿನ ಕೇಬಲ್ಲನ್ನೂ, ಸರಣಿಯ ತುದಿಗೆ ಹಾಕುವ 120 ಓಮಿನ ರೆಸಿಸ್ಟರನ್ನೂ ನೆನೆಯಬೇಕಾಗುತ್ತದೆ. ಚೌತಿಯ ಹೊತ್ತಿಗೆ ಗೋವಾದಲ್ಲಿ ಮಳೆ ಇನ್ನೂ ಮುಗಿದಿರುವುದಿಲ್ಲ, ಐಪಿ20 ಎಂದು ಬರೆದ ಲೈಟಿಗೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲ, ಪ್ಲಾಸ್ಟಿಕ್ ಚೀಲ ಮುಚ್ಚಿದರೆ ಅದು ಉಸಿರುಕಟ್ಟಿ ಕಾಯುತ್ತದೆ.

ಕೊಳ್ಳುವ ಮುಂಚೆ ಎರಡು ಕೆಲಸ ಮಾತ್ರ ತಪ್ಪಿಸಬೇಡಿ. ತಲೆಯನ್ನು ಬಹಳ ನಿಧಾನ ತಿರುಗಿಸಿ ನೋಡಿ. 540 ಡಿಗ್ರಿಯ ತಿರುಗನ್ನು 8 ಬಿಟ್‌ನಲ್ಲಿ 256 ಮೆಟ್ಟಿಲು ಮಾಡಿದರೆ ಒಂದೊಂದು ಮೆಟ್ಟಿಲು ಎರಡು ಡಿಗ್ರಿಗಿಂತ ಹೆಚ್ಚು, ಅಂದರೆ 10 ಮೀಟರ್ ಆಚೆ ಬೆಳಕು ಒಂದಡಿಗಿಂತ ಉದ್ದದ ಕುಪ್ಪಳಿಕೆ ಹಾಕುತ್ತದೆ. 16 ಬಿಟ್ ಇದ್ದರೆ ಜಾರಿದಂತೆ ಸಾಗುತ್ತದೆ. ಇನ್ನೊಂದು, ಡಿಮ್ಮರನ್ನು ಅರ್ಧಕ್ಕೆ ಇಳಿಸಿ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ಚಿತ್ರದಲ್ಲಿ ಕಪ್ಪು ಪಟ್ಟೆ ಹರಿದಾಡಿದರೆ ಮದುವೆಯ ವಿಡಿಯೊದವನು ನಿಮ್ಮನ್ನು ಮತ್ತೆ ಕರೆಸಲು ಬಿಡುವುದಿಲ್ಲ.

ಸಣ್ಣ ಲೈಟಿಗೆ ಕ್ಲ್ಯಾಂಪ್ ಬಿಗಿ ಇದ್ದರೆ ಸಾಕು, ಸೇಫ್ಟಿ ಕೇಬಲ್ ಯಾಕೆ ಎಂಬ ಮಾತನ್ನಂತೂ ಕೇಳಿಸಿಕೊಳ್ಳಲೂ ಬೇಡಿ. ಗಂಟೆಗಟ್ಟಲೆ ತಲೆ ಎಸೆದಾಡುವ ಲೈಟು ಬೋಲ್ಟನ್ನು ತಾನೇ ಸಡಿಲಿಸಿಕೊಳ್ಳುತ್ತದೆ. 8 ಕಿಲೋದ ಲೈಟು 4 ಮೀಟರ್ ಎತ್ತರದ ಟ್ರಸ್ಸಿನಿಂದ ಜಾರಿದರೆ ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ, ಕೆಳಗಿದ್ದವನನ್ನೂ ಬಿಡುವುದಿಲ್ಲ. ಲೈಟಿನ ತಳದಲ್ಲಿ ಕೇಬಲ್ ತೂರಿಸುವ ಕಣ್ಣು ಇದೆಯೇ ಎಂದು ಅಂಗಡಿಯಲ್ಲೇ ತಿರುಗಿಸಿ ನೋಡಿ. ಇಲ್ಲದ ಲೈಟು ಎಷ್ಟೇ ಅಗ್ಗವಿರಲಿ, ನೆಲದ ಮೇಲೆ ಇಡಲು ಮಾತ್ರ ಲಾಯಕ್ಕು.