ಹೊಂಗೆ ಚಿಗುರುವಾಗ ಸಾಧು ನಾಯಿಯ ಜೊತೆ

ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಹೊರಟುಹೋಗುತ್ತೆ ಅನ್ನುವುದು ಹಳೆಯ ಮಾತು. ಅಲ್ಲಿಂದ ಯುಗಾದಿ ಕಳೆದು ಮೊದಲ ಜೋರು ಮಳೆ ಬೀಳುವವರೆಗಿನ ದಿನಗಳು ಬೆಂಗಳೂರಿನಲ್ಲಿ ನಾಯಿ ಸಾಕಿದವರಿಗೆ ಹಬ್ಬವೂ ಹೌದು, ಪರೀಕ್ಷೆಯೂ ಹೌದು. ಬೆಳಗ್ಗೆ ಆರಕ್ಕೆ ಹೊರಗೆ ಕಾಲಿಟ್ಟರೆ ಹೊಂಗೆಯ ಎಳೆ ಚಿಗುರು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿರುತ್ತದೆ. ಫುಟ್‌ಪಾತಿನ ಮೇಲೆ ಗುಲಾಬಿ ಟಬೆಬುಯಾ ಹೂವು ಉದುರಿರುತ್ತದೆ. ಎದುರುಮನೆಯ ಮಾವಿನ ಮರದಲ್ಲಿ ಕೋಗಿಲೆ ಬೆಳಗಾಗುವ ಮುಂಚೆಯೇ ಶುರು ಮಾಡಿರುತ್ತದೆ. ಗಾಳಿ ತಂಪಾಗಿದೆ, ಶನಿವಾರ ಬೇರೆ, ‘ಇವತ್ತು ಸ್ವಲ್ಪ ದೂರ ಹೋಗೋಣ’ ಅನಿಸುವುದು ಸಹಜ. ಅದೇ ದಿನ ಹನ್ನೊಂದು ಗಂಟೆಗೆ ಅದೇ ರಸ್ತೆಯ ಮೇಲೆ ಚಪ್ಪಲಿ ಬಿಟ್ಟು ನಿಂತು ನೋಡಿ, ಪರೀಕ್ಷೆ ಅಂತ ಯಾಕೆ ಅಂದೆ ಗೊತ್ತಾಗುತ್ತೆ.

ನಮ್ಮನೆ ಚಿನ್ನಿಗೆ ಈಗ ಏಳು ವರ್ಷ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿಕೊಂಡಿದೆ. ಜಾತಿ ಕೇಳಿದವರಿಗೆ ‘ನಮ್ಮ ಬೀದಿಯದೇ’ ಅಂತೀವಿ. ಇಡೀ ರಸ್ತೆಗೆ ಅವಳು ‘ಪಾಪದ ನಾಯಿ’. ಹಾಲಿನವನಿಗೆ ಬೊಗಳುವುದಿಲ್ಲ. ಪಕ್ಕದ ಮನೆ ಬೆಕ್ಕು ಬಂದು ತಟ್ಟೆಗೆ ಬಾಯಿ ಹಾಕಿದರೆ ಎರಡು ಹೆಜ್ಜೆ ಹಿಂದೆ ಸರಿದು ಕಾಯುತ್ತಾಳೆ. ‘ನಿಮಗೇನ್ರೀ ಕಷ್ಟ, ಇಂಥ ನಾಯೀನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಬಹುದು’ ಅಂತ ಜನ ಹೇಳುತ್ತಿರುತ್ತಾರೆ. ನನ್ನ ಅನುಭವ ಉಲ್ಟಾ. ತುಂಟ ನಾಯಿ ತನಗೆ ಬೇಡವಾದರೆ ಹೇಳಿಬಿಡುತ್ತದೆ: ಹಗ್ಗ ಎಳೆಯುತ್ತದೆ, ನೆಲಕ್ಕೆ ಕುಕ್ಕರಿಸುತ್ತದೆ, ಗುರ್ರ್ ಅನ್ನುತ್ತದೆ. ಸಾಧು ನಾಯಿ ಹೇಳುವುದಿಲ್ಲ. ನೀವು ನಡೆಯುತ್ತಿದ್ದೀರಿ ಅಂದರೆ ಅದೂ ನಡೆಯುತ್ತದೆ. ಮಗು ಬಾಲ ಹಿಡಿದರೂ ಸುಮ್ಮನಿರುತ್ತದೆ. ಅಂಗಾಲು ಸುಟ್ಟರೂ ನಿಮ್ಮ ಮುಖವನ್ನೇ ನೋಡುತ್ತಾ ಬರುತ್ತದೆ. ಹಾಗಾಗಿ ಅದರ ಪಾಲಿನ ಮಾತನ್ನೂ ನಾವೇ ಆಡಬೇಕಾಗುತ್ತದೆ.

ಕಳೆದ ಏಪ್ರಿಲ್‌ನ ಒಂದು ಭಾನುವಾರ, ಬೆಳಗ್ಗೆ ಒಂಬತ್ತೂವರೆ. ನಾವು ವಾಕಿಂಗ್ ಮುಗಿಸಿ ವಾಪಸ್ ಬರುತ್ತಿದ್ದೆವು. ಇಪ್ಪತ್ತೈದರ ಹುಡುಗನೊಬ್ಬ ತನ್ನ ಲ್ಯಾಬ್ರಡಾರ್ ಜೊತೆ ಓಡುತ್ತಾ ನಮ್ಮನ್ನು ದಾಟಿಹೋದ. ಐದು ನಿಮಿಷದ ನಂತರ ನೋಡಿದರೆ ಆ ನಾಯಿ ರಸ್ತೆಯ ಅಂಚಿನಲ್ಲಿ ಅಡ್ಡಬಿದ್ದಿದೆ. ನಾಲಿಗೆ ಕಡು ಕೆಂಪಗೆ, ಅಂಟಂಟು ಜೊಲ್ಲು, ಏಳಲು ಹೋದರೆ ಹಿಂಗಾಲು ತೂರಾಡುತ್ತಿದೆ. ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ ಗಿಡಕ್ಕೆ ಹಾಕುತ್ತಿದ್ದ ಪೈಪನ್ನೇ ಎಳೆದುತಂದರು. ಹೊಟ್ಟೆ, ತೊಡೆಯ ಸಂದು, ಅಂಗಾಲಿಗೆಲ್ಲ ನೀರು ಬಿಟ್ಟು, ನ್ಯೂಸ್ ಪೇಪರಿನಲ್ಲಿ ಗಾಳಿ ಹಾಕಿ, ಆಟೊದಲ್ಲಿ ಮಲಗಿಸಿ ಕಳಿಸಿದೆವು. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಬದುಕಿತು. ಆ ಹುಡುಗ ಆಟೊ ಹತ್ತುವಾಗ ಹೇಳಿದ ಮಾತು ನನಗೆ ಮರೆತೇ ಹೋಗಿಲ್ಲ: ‘ಅದು ನಿಲ್ಲಲೇ ಇಲ್ಲ ಆಂಟಿ. ನಿಂತಿದ್ರೆ ನಾನೂ ನಿಲ್ತಿದ್ದೆ.’

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರಿನ ಗ್ರಂಥಿ ಇರುವುದು ಮುಖ್ಯವಾಗಿ ಅಂಗಾಲಿನಲ್ಲಿ, ಅದರಿಂದ ಆಗುವ ಉಪಯೋಗವೂ ಅಷ್ಟಕ್ಕಷ್ಟೇ. ಮೈಯ ಕಾವು ಹೊರಗೆ ಹೋಗಬೇಕಾದರೆ ನಾಲಿಗೆ ಚಾಚಿ ತೇಕಬೇಕು. ಅದರ ಸಹಜ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಅಂದರೆ ನಮಗೆ ಜ್ವರ ಅನ್ನಿಸುವ ಮಟ್ಟ. 40 ದಾಟಿತೆಂದರೆ ಅಪಾಯ ಹತ್ತಿರ. ಪಗ್, ಬುಲ್‌ಡಾಗ್‌ನಂಥ ಮೊಂಡು ಮೂಗಿನವಕ್ಕೆ ಸರಿಯಾಗಿ ತೇಕಲೂ ಆಗುವುದಿಲ್ಲ, ದಪ್ಪಗಿರುವವಕ್ಕೆ, ವಯಸ್ಸಾದವಕ್ಕೆ ಕಷ್ಟ ಇನ್ನೂ ಹೆಚ್ಚು. ಬಿಸಿಲು ಬಡಿದ ನಾಯಿಗೆ ಮಾಮೂಲಿ ತಣ್ಣೀರು ಸುರಿದು ಗಾಳಿ ಹಾಕಬೇಕು, ಹಾಗೆ ಮಾಡುತ್ತಲೇ ಡಾಕ್ಟರ ಹತ್ತಿರ ಹೊರಡಬೇಕು. ಒದ್ದೆ ಟವೆಲನ್ನು ಮೈಗೆ ಸುತ್ತಿ ಹಾಗೇ ಬಿಟ್ಟರೆ ಕಾವು ಒಳಗೇ ಉಳಿಯುತ್ತದೆ. ಪ್ರಜ್ಞೆ ತಪ್ಪುತ್ತಿರುವಾಗ ಬಾಯಿಗೆ ನೀರು ಹೊಯ್ಯಬಾರದು.

ರಸ್ತೆಯದು ಇನ್ನೊಂದು ಕತೆ. ಗಾಳಿಯಲ್ಲಿ ಮೂವತ್ತು ಡಿಗ್ರಿ ಇರುವಾಗ ಬಿಸಿಲಿಗೆ ಬಿದ್ದ ಡಾಂಬರು 50 ಡಿಗ್ರಿ ದಾಟುವುದು ಸಾಮಾನ್ಯ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಐದಾರು ಎಣಿಸಿ, ಇಟ್ಟುಕೊಳ್ಳಲಾಗದಿದ್ದರೆ ನಾಯಿಯ ಕಾಲಿಗೂ ಆಗದು. ಸಂಜೆಯ ಮೋಸ ಇಲ್ಲೇ ಇರುವುದು. ಐದೂವರೆಗೆ ಗಾಳಿ ಹಿತವಾಗಿರುತ್ತದೆ, ಡಾಂಬರು ಮಾತ್ರ ಮಧ್ಯಾಹ್ನದ ಕಾವನ್ನು ಇನ್ನೂ ಹಿಡಿದುಕೊಂಡಿರುತ್ತದೆ. ನಾವಂತೂ ಮಾರ್ಚ್ ಬಂದರೆ ಬೆಳಗಿನದು ಏಳೂವರೆಗೆ ಮುಗಿಸಿ, ಸಂಜೆಯದನ್ನು ಏಳರ ಮೇಲೆ ಇಟ್ಟುಕೊಳ್ಳುತ್ತೇವೆ. ನಮ್ಮತ್ತೆಯ ಸೀರಿಯಲ್ ಟೈಮಿಗೂ ಅದು ಹೊಂದುತ್ತದೆ ಬಿಡಿ.

ಇನ್ನು ನಡಿಗೆಯ ವೇಗ. ನಮ್ಮನೆಯವರ ಕೈಗಡಿಯಾರ ಹೆಜ್ಜೆ ಎಣಿಸುತ್ತದೆ, ಚಿನ್ನಿ ಕಂಬ ಎಣಿಸುತ್ತಾಳೆ. ಮೊದಮೊದಲು ಇಬ್ಬರಿಗೂ ದಿನಾ ಜಗಳ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50–60 ಲಕ್ಷ ಅಂತಾರೆ. ನಾಯಿಯ ಮೂಗಿನಲ್ಲಿ ತಳಿಯ ಮೇಲೆ ಹೋಗುತ್ತದಾದರೂ 20 ಕೋಟಿಗೂ ಹೆಚ್ಚು. ಅಂಥ ಮೂಗಿಗೆ ವಸಂತ ಅಂದರೆ ಏನಿರಬಹುದು, ಯೋಚಿಸಿ: ಉದುರಿದ ಹೂವು, ಬೇವಿನ ಹೂವಿನ ಕಂಪು, ಅಳಿಲು ಓಡಿದ ಜಾಡು, ರಾತ್ರಿ ಹಾದುಹೋದ ಬೇರೆ ನಾಯಿಗಳ ಸಮಾಚಾರ. ಕಂಬದ ಹತ್ತಿರ ಎರಡು ನಿಮಿಷ ನಿಂತು ಮೂಸುವುದೆಂದರೆ ಅದಕ್ಕೆ ಬೆಳಗಿನ ಪೇಪರ್ ಓದಿದ ಹಾಗೆ. ಹತ್ತು ಹೆಜ್ಜೆಗೊಮ್ಮೆ ‘ಬಾ ಬಾ’ ಅಂತ ಎಳೆದರೆ, ಸಾಧು ನಾಯಿ ಎಳೆದ ಕಡೆಗೆಲ್ಲ ಬರುತ್ತದೆ, ಓದು ಅರ್ಧಕ್ಕೆ ನಿಲ್ಲುತ್ತದೆ. ಈಗ ನಮ್ಮಲ್ಲಿ ಒಪ್ಪಂದವಾಗಿದೆ. ಶನಿವಾರ, ಭಾನುವಾರದ ನಡಿಗೆ ಚಿನ್ನಿಯದು. ಯಾವ ತಿರುವು, ಎಷ್ಟು ಹೊತ್ತು ಎಲ್ಲ ಅವಳಿಗೆ ಬಿಟ್ಟಿದ್ದು. ಯಜಮಾನರು ತಮ್ಮ ಹತ್ತು ಸಾವಿರ ಹೆಜ್ಜೆಯನ್ನು ಆಮೇಲೆ ಒಬ್ಬರೇ ಹೋಗಿ ಮುಗಿಸಿಕೊಳ್ಳುತ್ತಾರೆ.

ತಿಂಗಳಿಗೊಂದು ಭಾನುವಾರ ಕಬ್ಬನ್ ಪಾರ್ಕ್. ಆ ದಿನ ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ನೆರಳಂತೂ ಧಾರಾಳ. ಆದರೆ ರಜೆ ದಿನ ಜನವೂ ಧಾರಾಳ. ಪಾಪದ ನಾಯಿ ಕಂಡರೆ ಮಕ್ಕಳು ಓಡಿಬರುತ್ತಾರೆ. ‘ಕಚ್ಚಲ್ವಾ ಆಂಟಿ?’ ಅಂತ ಕೇಳುವಷ್ಟರಲ್ಲಿ ಕೈ ತಲೆಯ ಮೇಲಿರುತ್ತದೆ. ಒಮ್ಮೆ ಒಬ್ಬ ತಂದೆ ಮಗುವನ್ನು ಚಿನ್ನಿಯ ಬೆನ್ನ ಮೇಲೆ ಕೂರಿಸಿ ಫೋಟೊ ತೆಗೆಯಲು ಹೊರಟಿದ್ದರು! ಬೇಡ ಅಂದಿದ್ದಕ್ಕೆ ‘ಏನೂ ಮಾಡಲ್ಲ ಬಿಡಿ ಮೇಡಂ, ಸಾಧು ಅಲ್ವಾ’ ಅಂತ ನನಗೇ ಧೈರ್ಯ ಹೇಳಿದರು. ಅವರ ಕಣ್ಣಿಗೆ ಬೀಳದೆ ಹೋದದ್ದು ಇಷ್ಟು: ಚಿನ್ನಿ ಮುಖ ಪಕ್ಕಕ್ಕೆ ತಿರುಗಿಸಿದ್ದಳು, ಏನೂ ತಿನ್ನದೆ ತುಟಿ ನೆಕ್ಕಿಕೊಳ್ಳುತ್ತಿದ್ದಳು, ನಿದ್ದೆ ಇಲ್ಲದಿದ್ದರೂ ಆಕಳಿಸಿದಳು, ಕಣ್ಣಂಚಿನ ಬಿಳಿ ಕಾಣುತ್ತಿತ್ತು. ನಾಯಿಯ ಭಾಷೆಯಲ್ಲಿ ಅದೆಲ್ಲ ‘ದಯವಿಟ್ಟು ಸಾಕು’. ಇದನ್ನು ಯಾರೂ ಕೇಳಿಸಿಕೊಳ್ಳದಿದ್ದಾಗ, ಹತ್ತು ವರ್ಷ ಬಾಯಿ ಹಾಕದ ನಾಯಿಯೂ ಒಂದು ದಿನ ಬಾಯಿ ಹಾಕುತ್ತದೆ. ಮೊದಲು ಪೆಟ್ಟಾಗುವುದು ಮಗುವಿಗೆ, ಆಮೇಲೆ ನಾಯಿಗೆ. ನಾನು ಮಕ್ಕಳಿಗೆ ಬೇಡ ಅನ್ನುವುದಿಲ್ಲ. ‘ಪುಟ್ಟಾ, ಕೈ ಕೆಳಗಿಟ್ಟುಕೊಂಡು ನಿಲ್ಲು, ಅವಳೇ ಬಂದರೆ ಕುತ್ತಿಗೆ ಹತ್ತಿರ ಸವರು’ ಅಂತೀನಿ. ಬಂದರೆ ಬಂದಳು. ಬರದಿದ್ದರೆ ಇಲ್ಲ.

ಹಗ್ಗ ಬಿಚ್ಚುವ ವಿಷಯದಲ್ಲೂ ನಾನು ಕಟ್ಟುನಿಟ್ಟು. ನಮ್ಮ ನಾಯಿ ಏನೂ ಮಾಡುವುದಿಲ್ಲ ಅನ್ನುವುದು ನಮಗೆ ಗೊತ್ತು, ಎದುರಿನಿಂದ ಬರುವ ಅಜ್ಜಿಗೆ ಗೊತ್ತಿಲ್ಲ. 2022ರಲ್ಲಿ ಕಬ್ಬನ್ ಪಾರ್ಕಿಗೆ ಸಾಕುನಾಯಿ ತರುವುದನ್ನೇ ನಿಲ್ಲಿಸುವ ಮಾತು ಬಂದಿತ್ತಲ್ಲ, ಹಗ್ಗ ಬಿಡುವುದು, ಗಲೀಜು ಎತ್ತದಿರುವುದು ಆಗಿನ ದೊಡ್ಡ ದೂರು. ನಾಯಿಪ್ರಿಯರು ದನಿ ಎತ್ತಿದ ಮೇಲೆ ಅದು ನಿಂತಿತು. ಹಳೆ ನ್ಯೂಸ್ ಪೇಪರ್ ನಾಲ್ಕು ತುಂಡು, ಒಂದು ಚೀಲ ಕೈಯಲ್ಲಿದ್ದರೆ ಮುಗಿಯುವ ಕೆಲಸವಿದು. ಲಾಲ್‌ಬಾಗಿಗೆ ನಾಯಿ ಬಿಡುವುದಿಲ್ಲ, ಅಲ್ಲಿಗೆ ಹೋಗಿ ಗೇಟಿನಲ್ಲಿ ವಾದಿಸಬೇಡಿ. ಅಭಯಾರಣ್ಯಗಳಿಗಂತೂ ಕೇಳಲೇಬೇಡಿ. ನಾಯಿಗಳಲ್ಲಿ ಬರುವ ಡಿಸ್ಟೆಂಪರ್ ಕಾಯಿಲೆಯ ವೈರಸ್ 2018ರಲ್ಲಿ ಗುಜರಾತಿನ ಗಿರ್ ಸಿಂಹಗಳಲ್ಲೂ ಕಾಣಿಸಿಕೊಂಡಿತ್ತು.

ನಗರ ಸಾಕಾದಾಗ ನಾವು ಹೊರಡುವುದು ನನ್ನ ತವರಿಗೆ, ಮದ್ದೂರಿನ ಹತ್ತಿರದ ಹಳ್ಳಿ. ಕಾರಿನಲ್ಲಿ ಹಿಂದಿನ ಸೀಟಿಗೆ ಹಳೇ ಜಮಖಾನ, ಹಾರ್ನೆಸ್ಸಿಗೆ ಸೀಟ್ ಬೆಲ್ಟ್ ಸಿಕ್ಕಿಸಿ ಕೂರಿಸುವುದು, ಹೊರಡುವ ಎರಡು-ಮೂರು ಗಂಟೆ ಮುಂಚೆ ಊಟ ಇಲ್ಲ. ದಾರಿಯಲ್ಲಿ ಮದ್ದೂರು ವಡೆಗೆ ನಿಲ್ಲಿಸದಿದ್ದರೆ ಆಗುತ್ತದೆಯೇ? ಆದರೆ ನಾಯಿಯನ್ನು ಕಾರಿನಲ್ಲಿ ಬಿಟ್ಟು ಎಲ್ಲರೂ ಒಳಗೆ ಹೋಗುವಂತಿಲ್ಲ. ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿಯನ್ನು ಒಂದಿಂಚು ಇಳಿಸಿದರೆ ಏನೂ ಪ್ರಯೋಜನವಿಲ್ಲ. ಒಬ್ಬರು ಮರದಡಿ ಚಿನ್ನಿಯ ಜೊತೆ, ಉಳಿದವರು ಹೋಟೆಲಿನಲ್ಲಿ, ಆಮೇಲೆ ಪಾಳಿ ಬದಲು. ಅವಳು ಎಷ್ಟೇ ಪಾಪದ ಮುಖ ಮಾಡಿದರೂ ವಡೆಯ ತುಂಡು ಮಾತ್ರ ಇಲ್ಲ. ಅದರಲ್ಲಿ ಈರುಳ್ಳಿ ಇದೆ, ಈರುಳ್ಳಿ ನಾಯಿಯ ರಕ್ತಕಣಗಳನ್ನೇ ಹಾಳುಮಾಡುತ್ತದೆ.

ತೆಂಗಿನ ತೋಟದ ನೆರಳಿನಲ್ಲಿ ಚಿನ್ನಿ ಬೇರೆಯೇ ನಾಯಿ. ನೆಲ ಮೆತ್ತಗೆ, ಬದುವಿನ ಮೇಲೆ ಕಪ್ಪೆ, ಗರಿಯ ಕೆಳಗೆ ಏನೇನೋ ಸರಸರ. ಸರಸರ ಅಂದಾಗ ನಾನು ಹಗ್ಗ ಗಿಡ್ಡ ಮಾಡುತ್ತೇನೆ, ಸೆಕೆಗಾಲದಲ್ಲಿ ಹಾವುಗಳೂ ತಂಪು ಹುಡುಕುತ್ತವೆ. ನಾಲೆಯಲ್ಲಿ ನೀರು ಬಿಟ್ಟಿದ್ದರೆ ಆ ಕಡೆ ಹೋಗುವುದೇ ಇಲ್ಲ. ಸಿಮೆಂಟಿನ ಇಳಿಜಾರು ದಡದಲ್ಲಿ ಇಳಿದ ನಾಯಿಗೆ ಹತ್ತಲು ಹಿಡಿತ ಸಿಗುವುದಿಲ್ಲ, ಅದನ್ನು ಹಿಡಿಯಲು ಹೋದ ಮನುಷ್ಯನಿಗೂ ಅಷ್ಟೇ. ಊರ ನಾಯಿಗಳು ಗುಂಪಾಗಿ ಬಂದರೆ ಓಡದೆ, ಕಲ್ಲೆತ್ತದೆ, ನಡುವೆ ನಾನು ನಿಂತು ನಿಧಾನಕ್ಕೆ ಬೇರೆ ದಾರಿ ಹಿಡಿಯುತ್ತೇನೆ. ಮನೆಯಲ್ಲಿ ಅಣ್ಣ ನಗುತ್ತಾನೆ: ‘ನಿನ್ ನಾಯಿ ಕೋಳಿಗೂ ದಾರಿ ಬಿಡ್ತದಲ್ಲವ್ವ!’

ಇದೇ ಮದ್ದೂರು ತಾಲ್ಲೂಕಿನಲ್ಲೇ ಆತಕೂರು ಇದೆ. ಹತ್ತನೆಯ ಶತಮಾನದಲ್ಲಿ, 949ರ ತಕ್ಕೋಲಂ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನಿಗೆ ಗಂಗರ ಬೂತುಗ ‘ಏನು ಬೇಕು ಕೇಳು’ ಅಂದಾಗ, ಅವನು ಕೇಳಿದ್ದು ರಾಜನ ಬೇಟೆನಾಯಿ ಕಾಳಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿ-ಹಂದಿಯ ಕಾಳಗ ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಸೇರಿದೆ, ಕಬ್ಬನ್ ಪಾರ್ಕಿಗೆ ಅಂಟಿಕೊಂಡ ಕಸ್ತೂರಬಾ ರಸ್ತೆಯಲ್ಲೇ. ಈ ಕತೆಯನ್ನು ಮಗಳಿಗೆ ಹೇಳಿದಾಗ ಅವಳ ಪ್ರಶ್ನೆ: ‘ಕಾಳಿಗೆ ಹಂದಿ ಜೊತೆ ಜಗಳ ಆಡೋಕೆ ಇಷ್ಟ ಇತ್ತಾ ಅಮ್ಮಾ?’ ನನ್ನಲ್ಲಿ ಉತ್ತರ ಇರಲಿಲ್ಲ.

ಯುಗಾದಿಗೆ ಊರಿಗೆ ಹೋದರೆ ಅಡುಗೆಮನೆಯ ಕಡೆ ಒಂದು ಕಣ್ಣು ಬೇಕು. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ, ಎಷ್ಟು ತಿಂದರೆ ಅಪಾಯ ಅನ್ನುವುದು ನಾಯಿಯಿಂದ ನಾಯಿಗೆ ಬೇರೆ. ಮಾವಿನ ಹಣ್ಣಿನ ತಿರುಳು ಒಂದೆರಡು ತುಂಡು ಕೊಡಬಹುದು, ವಾಟೆ ಕೊಡಬಾರದು. ನುಂಗಿದರೆ ಕರುಳಿಗೆ ಅಡ್ಡ ಸಿಕ್ಕಿ ಆಪರೇಷನ್‌ವರೆಗೆ ಹೋಗುತ್ತದೆ. ಪ್ರೀತಿಯಿಂದ ತಟ್ಟೆಯಂಚಿನಿಂದ ಹಾಕುವ ದೊಡ್ಡಮ್ಮ, ಚಿಕ್ಕಪ್ಪಂದಿರಿಗೆಲ್ಲ ಇದನ್ನು ಹೇಳುವಷ್ಟರಲ್ಲಿ ಗಂಟಲು ಒಣಗುತ್ತದೆ. ಈಗ ಒಂದು ಡಬ್ಬಿಯಲ್ಲಿ ಉಪ್ಪು ಹಾಕದೆ ಬೇಯಿಸಿದ ಸಿಹಿಗುಂಬಳದ ತುಂಡು ಇಟ್ಟಿರುತ್ತೇನೆ, ಕೊಡಲೇಬೇಕು ಅನಿಸಿದವರು ಅದರಿಂದ ಕೊಡುತ್ತಾರೆ. ಎಲ್ಲರಿಗೂ ಸಮಾಧಾನ, ಚಿನ್ನಿಗಂತೂ ಪರಮಾನಂದ.

ಭಾನುವಾರ ರಾತ್ರಿ ಮನೆಗೆ ಬಂದ ಮೇಲೆ ಕೊನೆಯ ಕೆಲಸ ಉಣ್ಣಿ ಹುಡುಕುವುದು. ಸೆಕೆ ಏರಿದ ಹಾಗೆ ಇವು ಬೇಗ ಬೇಗ ಹೆಚ್ಚುತ್ತವೆ. ಕಿವಿಯ ಒಳಗೆ, ಬೆರಳ ಸಂದು, ಕಂಕುಳು, ಬೆಲ್ಟಿನ ಕೆಳಗೆ, ಬಾಲದ ಬುಡ ಎಲ್ಲ ಬೆರಳಾಡಿಸಿ ನೋಡಬೇಕು. ಸಿಕ್ಕಿದ್ದನ್ನು ಚಿಮುಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ, ಊದಿನಕಡ್ಡಿಯ ಕಿಡಿ ಎಲ್ಲ ಹಳೆ ಕಾಲದ ಅಪಾಯಕಾರಿ ಉಪಾಯಗಳು. ಉಣ್ಣಿ ಜ್ವರ ಬಂದ ನಾಯಿ ಊಟ ಬಿಡುತ್ತದೆ, ಒಸಡು ಬಿಳಿಚುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಚಿನ್ನಿಯಂಥವಳು ಊಟ ಬಿಡುವುದಕ್ಕೂ ಮುಂಚೆ ಸುಮ್ಮನೆ ಇನ್ನಷ್ಟು ಸಾಧು ಆಗುತ್ತಾಳೆ, ಅಷ್ಟೇ. ಎರಡು ವರ್ಷದ ಹಿಂದೆ ಡಾಕ್ಟರಿಗೆ ನಾನು ಹೇಳಿದ ಲಕ್ಷಣವೂ ಅದೊಂದೇ: ‘ಇವತ್ತು ಬೆಕ್ಕು ಬಂದಾಗ ಇವಳು ಎದ್ದೂ ನಿಲ್ಲಲಿಲ್ಲ ಡಾಕ್ಟ್ರೇ.’ ಅವರು ನಗಲಿಲ್ಲ. ರಕ್ತ ಪರೀಕ್ಷೆಗೆ ಬರೆದುಕೊಟ್ಟರು, ಸಕಾಲಕ್ಕೆ ಔಷಧಿ ಶುರುವಾಯಿತು, ನಾಲ್ಕು ವಾರ ಮಾತ್ರೆ ನುಂಗಿದಳು. ಐದನೆಯ ವಾರ ಬೆಕ್ಕು ಬಂದಾಗ ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು.