ಪೋಲೋ ಕೂತಿದ್ದ ಜಾಗ

ಮೈಸೂರು ಮೃಗಾಲಯದಲ್ಲಿ ನಾನು ಗೊರಿಲ್ಲಾ ಪೋಲೋನನ್ನು ನೋಡಿದ್ದು ಶಾಲಾ ಪ್ರವಾಸದಲ್ಲಿ. ಅವನು ನಮಗೆ ಬೆನ್ನು ಮಾಡಿ ಕೂತಿದ್ದ. ಕಂದಕದ ಈಚೆ ನಿಂತು ನಾವೆಲ್ಲ ಕೂಗಿದೆವು, ಚಪ್ಪಾಳೆ ತಟ್ಟಿದೆವು, ಎದೆ ಬಡಿದುಕೊಂಡು ತೋರಿಸಿದೆವು. ಅವನು ಒಂದು ಹಸಿ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು, ಬಾಳೆನಾರು ಸುಲಿಯುವ ಹಾಗೆ ನಿಧಾನವಾಗಿ ಸಿಪ್ಪೆ ತೆಗೆಯುತ್ತಿದ್ದ. ತಿರುಗಲೇ ಇಲ್ಲ. ಆ ಪ್ರವಾಸದ ಮಿಕ್ಕಿದ್ದೆಲ್ಲ ಮಸುಕಾಗಿದೆ, ಆ ಬೆನ್ನು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಪೋಲೋ 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಬಂದವನು. ದೇಶದಲ್ಲಿದ್ದ ಏಕೈಕ ಗೊರಿಲ್ಲಾ ಎಂದು ನಾವು ಎದೆಯುಬ್ಬಿಸಿ ಹೇಳುತ್ತಿದ್ದೆವು. ಏಕೈಕ ಎಂದರೆ ಒಂಟಿ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಯಾವ ಪ್ರಾಣಿಯನ್ನೂ ಸರಿಯಾದ ಕಾರಣವಿಲ್ಲದೆ ವರ್ಷಕ್ಕಿಂತ ಹೆಚ್ಚು ಕಾಲ ಜೊತೆಯಿಲ್ಲದೆ ಇಡಕೂಡದೆಂದು 1992ರ ಮೃಗಾಲಯ ನಿಯಮಗಳೇ ಹೇಳುತ್ತಿದ್ದವು. ಆದರೆ ಹೆಣ್ಣು ಗೊರಿಲ್ಲಾ ಸಿಗಬೇಕಲ್ಲ? ಹುಡುಕಾಟ ನಡೆಯಿತು, ಕೈಗೂಡಲಿಲ್ಲ. 2014ರಲ್ಲಿ ಪೋಲೋ ತೀರಿಕೊಂಡ.

ಏಳು ವರ್ಷದ ನಂತರ, 2021ರ ಆಗಸ್ಟ್‌ನಲ್ಲಿ, ಜರ್ಮನಿಯ ಡೂಯಿಸ್‌ಬರ್ಗ್ ಮೃಗಾಲಯದಿಂದ ಥಾಬೋ ಮತ್ತು ಡೆಂಬಾ ಬಂದರು. ಒಬ್ಬನಿಗೆ 14, ಇನ್ನೊಬ್ಬನಿಗೆ 8. ಇಬ್ಬರೂ ಗಂಡು. ಜೋಡಿ ಬೇಕೆಂದು ಕಾದ ಊರಿಗೆ ಎರಡು ಗಂಡುಗಳೇಕೆ ಎಂದು ಹಲವರು ಕೇಳಿದರು. ಗೊರಿಲ್ಲಾಗಳ ಸಂಸಾರದ ರೀತಿ ತಿಳಿದರೆ ಉತ್ತರ ಸಿಗುತ್ತದೆ. ಬೆನ್ನಿನ ಮೇಲೆ ಬೆಳ್ಳಿ ಬಣ್ಣ ಬಂದ ಯಜಮಾನ ಗಂಡು ಒಂದೇ, ಅದರ ಸುತ್ತ ಹಲವು ಹೆಣ್ಣುಗಳು, ಮರಿಗಳು. ಮರಿಗಳೋ ಗಂಡು ಹೆಣ್ಣು ಸರಿಸುಮಾರು ಸಮನಾಗಿ ಹುಟ್ಟುತ್ತವೆ. ಹಾಗಾಗಿ ಬೆಳೆದ ಗಂಡುಗಳಿಗೆ ಹುಟ್ಟಿದ ಗುಂಪಿನಲ್ಲಿ ಜಾಗ ಇರುವುದಿಲ್ಲ. ಕಾಡಿನಲ್ಲಿ ಅವು ಹೊರಬೀಳುತ್ತವೆ, ಕೆಲವೊಮ್ಮೆ ಗಂಡುಗಳೇ ಕೂಡಿ ಬದುಕುತ್ತವೆ. ಯುರೋಪಿನ ಮೃಗಾಲಯಗಳಲ್ಲಿ ಹೀಗೆ ಮಿಕ್ಕುವ ಗಂಡುಗಳಿಗೆ ಮನೆ ಹುಡುಕುವುದೇ ದೊಡ್ಡ ಚಿಂತೆ. ನಮ್ಮಲ್ಲಿ ಖಾಲಿ ಮನೆಯಿತ್ತು. ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ಅದನ್ನು ಹೊಸದಾಗಿಯೇ ಕಟ್ಟಿದರು. ಆ ವರ್ಷವೇ ಸಿಂಗಪುರ, ಮಲೇಷ್ಯಾಗಳಿಂದ ಒರಾಂಗುಟಾನ್‌ಗಳೂ ಬಂದವು.

1892ರಲ್ಲಿ ಹತ್ತನೇ ಚಾಮರಾಜ ಒಡೆಯರು ಅರಮನೆಗೆ ಸೇರಿದ ಹತ್ತು ಎಕರೆ ಚಿಲ್ಲರೆ ಜಾಗದಲ್ಲಿ ಈ ಮೃಗಾಲಯವನ್ನು ಆರಂಭಿಸಿದಾಗ ಜನ ಕರೆಯುತ್ತಿದ್ದದ್ದು ತಮಾಷಾ ಬಂಗಲೆ ಎಂದು. ಲಾಲ್‌ಬಾಗಿನಲ್ಲಿ ಹೆಸರು ಉಳಿಸಿಹೋದ ತೋಟಗಾರಿಕೆ ತಜ್ಞ ಕೃಂಬಿಗಲ್ ಇಲ್ಲಿನ ತೋಟದ ರೂಪುರೇಷೆಗೂ ಕೈಹಾಕಿದವರು. 1909ರಲ್ಲಿ ಮೃಗಾಲಯಕ್ಕೆ ಆ ಮಹಾರಾಜರ ಹೆಸರಿಟ್ಟರು. ಸ್ವಾತಂತ್ರ್ಯಾನಂತರ ಸರ್ಕಾರದ ಕೈಸೇರಿತು, ಮುಂದೆ ಕಾರಂಜಿ ಕೆರೆಯೂ ಕೂಡಿಕೊಂಡಿತು.

ಈಗ ಹೊಸ ಅತಿಥಿಗಳು ಬರುವುದು ಹೆಚ್ಚಾಗಿ ಕೊಡುಕೊಳ್ಳುವಿಕೆಯಿಂದ. ಇದ್ದ ಪ್ರಾಣಿಗಳಲ್ಲೇ ಸಂಬಂಧ ಬೆಳೆದರೆ ತಳಿ ಸೊರಗುತ್ತದೆ, ಹೊರಗಿನ ರಕ್ತ ಬೇಕೇ ಬೇಕು. ನಮ್ಮ ಮನೆಗಳಲ್ಲಿ ಹೆಣ್ಣು ಗಂಡು ನೋಡುವಾಗ ಗೋತ್ರ ಕೇಳುವ ಹಾಗೆ ಇಲ್ಲೂ ವಂಶಾವಳಿಯ ಪುಸ್ತಕ ತೆಗೆಯುತ್ತಾರೆ. ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಆಗಬೇಕು. ಬಂದ ಮೇಲೂ ಪ್ರಾಣಿಯನ್ನು ಕೆಲವು ವಾರ ಪ್ರತ್ಯೇಕವಾಗಿಟ್ಟು ರೋಗರುಜಿನ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಜನರ ಮುಂದೆ ಬಿಡುವುದು. 2020ರ ಆಗಸ್ಟ್‌ನಲ್ಲಿ, ಕೊರೊನಾ ಕಾಲದ ನಡುವೆ, ದಕ್ಷಿಣ ಆಫ್ರಿಕಾದ ಆನ್ ವ್ಯಾನ್ ಡೈಕ್ ಚೀತಾ ಕೇಂದ್ರದಿಂದ ಮೂರು ಚೀತಾಗಳು ಮೈಸೂರಿಗೆ ಬಂದಿಳಿದವು. ಕುನೋ ಕಾಡಿಗೆ ಚೀತಾ ತರಲು ಆಗ ಇನ್ನೂ ಎರಡು ವರ್ಷವಿತ್ತು. 1952ರಲ್ಲಿ ಈ ನೆಲದಿಂದ ಅಳಿದುಹೋಯಿತೆಂದು ಘೋಷಿಸಿದ ಪ್ರಾಣಿ ನಮ್ಮ ಮಕ್ಕಳ ಕಣ್ಣೆದುರು ಹೆಜ್ಜೆ ಹಾಕುವುದನ್ನು ನೋಡಿ ನನಗೆ ಗಂಟಲುಬ್ಬಿ ಬಂದಿತ್ತು.

ಋತುವಿಗೆ ತಕ್ಕಂತೆ ಮೃಗಾಲಯದ ದಿನಚರಿಯೂ ಬದಲಾಗುತ್ತದೆ. ಬೇಸಿಗೆಯಲ್ಲಿ ಆನೆಗಳ ಮೇಲೆ ನೀರು ಚಿಮ್ಮಿಸುತ್ತಾರೆ, ಕರಡಿಗಳಿಗೆ ಹಣ್ಣು ಸೇರಿಸಿದ ಮಂಜುಗಡ್ಡೆ ಕೊಡುತ್ತಾರೆ. ಕಳೆದ ಬೇಸಿಗೆಯಲ್ಲೊಮ್ಮೆ ಒಂದು ಕರಡಿ ಅಂಥ ಗಡ್ಡೆಯನ್ನು ಮುಂಗಾಲುಗಳ ನಡುವೆ ತಬ್ಬಿ, ಒಳಗಿನ ಕಲ್ಲಂಗಡಿ ಚೂರು ಕೈಗೆ ಸಿಗುವವರೆಗೆ ನೆಕ್ಕುತ್ತಲೇ ಇತ್ತು. ಒಂದು ಮಗು ಐಸ್‌ಕ್ಯಾಂಡಿ ತಿನ್ನುವುದನ್ನು ನಿಲ್ಲಿಸಿ ಅದನ್ನೇ ನೋಡುತ್ತಿತ್ತು.

ದಸರೆಯ ಸಂಭ್ರಮವೇ ಬೇರೆ. ಮಂಗಳವಾರದ ರಜೆಯನ್ನೂ ಬಿಟ್ಟು ಬಾಗಿಲು ತೆರೆಯುತ್ತಾರೆ. ಜಂಬೂಸವಾರಿಗೆಂದು ಬಂದವರು ಬುತ್ತಿ ಗಂಟು ಹೊತ್ತು, ಮಕ್ಕಳನ್ನು ಹೆಗಲೇರಿಸಿಕೊಂಡು ಸಾಲುಗಟ್ಟುತ್ತಾರೆ. ವರ್ಷಕ್ಕೊಮ್ಮೆ ಹೀಗೆ ಬರುವ ಹಳ್ಳಿಯ ಮಂದಿಯೇ ಈ ಜಾಗದ ನಿಜವಾದ ಯಜಮಾನರು ಎಂಬುದು ನನ್ನ ನಂಬಿಕೆ. ಅವರ ಸಡಗರಕ್ಕೆ ಯಾರೂ ಅಡ್ಡ ಬರಬಾರದು. ಕೂಗಾಟ ಒಂದು ಕಡಿಮೆಯಾದರೆ ಸಾಕು.

ಹೋದ ದಸರೆಯಲ್ಲಿ ಗೊರಿಲ್ಲಾಗಳ ಎದುರು ಬಹಳ ಹೊತ್ತು ನಿಂತೆ. ಶಾಲೆಯ ಮಕ್ಕಳು ನಾವು ಕೂಗಿದಂತೆಯೇ ಕೂಗುತ್ತಿದ್ದರು. ದೊಡ್ಡವನು ಸೊಪ್ಪು ಎಳೆದುಕೊಂಡು ಬೆನ್ನು ಮಾಡಿ ಕೂತ. ತುಸು ಹೊತ್ತಿಗೆ ಚಿಕ್ಕವನು ಬಂದು, ಅವನ ಮುಂದಿದ್ದ ಸೊಪ್ಪಿನಲ್ಲಿ ಒಂದು ಹಿಡಿ ಎತ್ತಿಕೊಂಡು, ಪಕ್ಕದಲ್ಲೇ ಕೂತ.